ಹೊತ್ತಿಗೆಯ ಅಳತೆ: ಓಲೆಗರಿಯಿಂದ ಕೈಹೊತ್ತಿಗೆಯ ವರೆಗೆ

ಮಠಗಳ ಮಹೋತ್ಸವಗಳಲ್ಲಿ ಅನ್ನದಾಸೋಹದೊಡನೆ ಜ್ಞಾನದಾಸೋಹವೂ ನಡೆಯಬೇಕೆಂಬ ಸಂಕಲ್ಪದಿಂದ ಚಿಕ್ಕ ಚಿಕ್ಕ ಹೊತ್ತಿಗೆಗಳನ್ನು ಅಚ್ಚು ಹಾಕಿಸಿ ಭಕ್ತರ ಕೈಗೆ ಕೊಡುವ ಪರಿಪಾಠವು ನಮ್ಮಲ್ಲಿ ಬಹುಕಾಲದಿಂದ ಬೆಳೆದುಬಂದಿರುವದು. ಅಂಥ ಹೊತ್ತಿಗೆಯನ್ನು ಹೊರಡಿಸುವಾಗ ಅದರಲ್ಲಿ ಏನನ್ನು ಸೇರಿಸಬೇಕು, ಯಾರಿಂದ ಬರೆಯಿಸಬೇಕು, ಎಷ್ಟು ಪ್ರತಿಗಳನ್ನು ತೆಗೆಯಬೇಕು ಎಂಬ ವಿಚಾರಗಳು ಸಭೆಯಲ್ಲಿ ದೀರ್ಘವಾಗಿ ಚರ್ಚೆಗೆ ಬರುವವು. ಪುಟದ ಅಳತೆ ಎಷ್ಟಿರಬೇಕೆಂಬ ಪ್ರಶ್ನೆಯು ಮಾತ್ರ ಬಹುಮಟ್ಟಿಗೆ ಯಾರ ಬಾಯಿಂದಲೂ ಹೊರಡುವದಿಲ್ಲ. ಅದು ಮುದ್ರಕನ ಕೆಲಸವೆಂದು ಎಲ್ಲರೂ ಭಾವಿಸುವರು; ಮುದ್ರಕನಾದರೋ ಆ ದಿನ ತನ್ನಲ್ಲಿ ಯಾವ ಕಾಗದವಿರುವದೋ ಅದಕ್ಕೆ ತಕ್ಕ ಅಳತೆಯನ್ನು ಗೊತ್ತುಮಾಡುವನು.

ಕೆಲವು ವರ್ಷಗಳ ಹಿಂದೆ ಒಬ್ಬ ವೃದ್ಧ ಭಕ್ತರ ಮನೆಯಲ್ಲಿ ಈ ಲೇಖಕನು ಎರಡು ಪುಸ್ತಕಗಳನ್ನು ನೋಡಿದನು. ಒಂದು ದೊಡ್ಡ ಆಕಾರದ, ಗಟ್ಟಿ ರಟ್ಟಿನ ಗ್ರಂಥವು. ಅದನ್ನು ದೇವರ ಗೂಡಿನಲ್ಲಿಟ್ಟು ನಿತ್ಯವೂ ವಿಭೂತಿಯನ್ನು ಧರಿಸುತ್ತಿದ್ದರು. ಆದರೆ ಅದರ ಹಾಳೆಗಳು ಹೊಸ ಅರಿವೆಯ ಮಡಿಕೆಯಂತೆ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಇನ್ನೊಂದು ಅಂಗೈಯಗಲದ ವಚನಗಳ ಹೊತ್ತಿಗೆಯು. ಅದರ ಮೂಲೆಗಳು ಮಡಚಿದ್ದವು. ಹಾಳೆಗಳ ಮೇಲೆ ಎಣ್ಣೆಯ ಕಲೆಗಳಿದ್ದವು. ಹೊಲಿಗೆಯು ಸಡಿಲಾದುದರಿಂದ ಅದನ್ನು ಮನೆಯವರೇ ದಾರದಿಂದ ಮತ್ತೊಮ್ಮೆ ಹೊಲಿದಿದ್ದರು. ಎರಡರಲ್ಲಿಯೂ ಶರಣರ ವಾಣಿಯೇ ಇದ್ದಿತು. ಒಂದು ಪೂಜೆಗೊಂಡಿತು, ಇನ್ನೊಂದು ಓದಿಸಿಕೊಂಡಿತು. ಪುಟದ ಅಳತೆಯು ಅಲಂಕಾರದ ಮಾತಲ್ಲ. ಗ್ರಂಥವನ್ನು ಯಾರು ಓದಬಲ್ಲರು, ಎಲ್ಲಿ ಕುಳಿತು ಓದಬಲ್ಲರು ಎಂಬದನ್ನು ನಿರ್ಣಯಿಸುವ ಮಾತು ಎಂಬದು ಅಂದು ಮನಸ್ಸಿಗೆ ನಾಟಿತು. ಈ ನಿರ್ಣಯದ ಇತಿಹಾಸವನ್ನು ಸಂಕ್ಷೇಪವಾಗಿ ನಿರೂಪಿಸುವದೇ ಈ ಲೇಖನದ ಉದ್ದೇಶವು.

ಮೊದಲು ನಮ್ಮ ಓಲೆಗರಿಯನ್ನೇ ನೋಡೋಣ. ತಾಳೆ, ಶ್ರೀತಾಳೆ ಮರಗಳ ಗರಿಗಳನ್ನು ಹದಮಾಡಿ, ಲೋಹದ ಕಂಟದಿಂದ ಅಕ್ಷರಗಳನ್ನು ಕೊರೆದು, ಮೇಲೆ ಮಸಿಯನ್ನು ಲೇಪಿಸಿ ಒರೆಸುತ್ತಿದ್ದರು. ಕೊರೆದ ಗೆರೆಗಳಲ್ಲಿ ಮಸಿಯು ನಿಂತು ಅಕ್ಷರಗಳು ಎದ್ದು ಕಾಣುತ್ತಿದ್ದವು. ಇಲ್ಲಿ ಪುಟದ ಅಗಲವನ್ನು ಗೊತ್ತುಮಾಡಿದವನು ಲಿಪಿಕಾರನಲ್ಲ, ಕವಿಯೂ ಅಲ್ಲ, ಮರವೇ ಗೊತ್ತುಮಾಡಿತು. ಗರಿಯು ಉದ್ದವಾಗಿ ಬೆಳೆಯುವದೇ ಹೊರತು ಅಗಲವಾಗಿ ಬೆಳೆಯುವದಿಲ್ಲ. ಆದುದರಿಂದ ಪುಟವು ಅಡ್ಡಲಾಗಿ ನೀಳವಾಯಿತು. ಸಾಲುಗಳು ಉದ್ದವಾದವು, ಅವುಗಳ ಸಂಖ್ಯೆಯು ಕಡಿಮೆಯಾಯಿತು. ಆದರೂ ಲಿಪಿಕಾರನು ಕೇವಲ ಮರದ ದಾಸನಾಗಿರಲಿಲ್ಲ. ದಾರವನ್ನು ಪೋಣಿಸುವ ರಂಧ್ರದ ಸುತ್ತಲೂ ಬರೆಯದೆ ಜಾಗವನ್ನು ಬಿಡುತ್ತಿದ್ದನು; ದಾರದ ತಿಕ್ಕಾಟದಿಂದ ರಂಧ್ರವು ಹರಿದರೂ ಅಕ್ಷರವು ನಷ್ಟವಾಗಬಾರದೆಂಬದೇ ಇದರ ಕಾರಣವು. ಗರಿಯ ಎರಡು ತುದಿಗಳಲ್ಲಿಯೂ ಬೆರಳಿಡುವಷ್ಟು ಸ್ಥಳವನ್ನು ಖಾಲಿ ಬಿಡುತ್ತಿದ್ದನು. ಇಂದು ಮುದ್ರಕರು ಪುಟದ ಸುತ್ತಲೂ ಬಿಡುವ ಅಂಚಿನ ತತ್ತ್ವವು ಇದೇ ಆಗಿರುವದು.

ಓಲೆಗರಿಯ ಕಟ್ಟಿಗೆ ಒಂದು ದೊಡ್ಡ ಗುಣವೂ ಒಂದು ದೊಡ್ಡ ಕೊರತೆಯೂ ಇದ್ದವು. ಮರದ ಹಲಗೆಗಳ ನಡುವೆ ಬಿಗಿದು, ಅರಿವೆಯಲ್ಲಿ ಸುತ್ತಿ, ತೇವವಿಲ್ಲದ ಕೋಣೆಯಲ್ಲಿಟ್ಟರೆ ಅದು ಶತಮಾನಗಳ ವರೆಗೆ ಬಾಳುವದು. ೧೨ನೆಯ ಶತಮಾನದ ಶರಣರ ವಚನಗಳೂ, ೧೫ನೆಯ ಶತಮಾನದಲ್ಲಿ ವಿರಕ್ತರು ಅವುಗಳನ್ನು ಕೂಡಿಸಿ ರಚಿಸಿದ ಸಂಕಲನಗಳೂ ನಮಗೆ ಉಳಿದುಬಂದುದು ಹೀಗೆ ಕಾಪಾಡಿದ ಮಠಗಳಿಂದಲೂ ಮನೆತನಗಳಿಂದಲೂ ಅಲ್ಲವೆ? ಆದರೆ ಒಂದು ಕಟ್ಟನ್ನು ಪ್ರತಿಮಾಡಲು ತಿಂಗಳುಗಳೇ ಹಿಡಿಯುತ್ತಿದ್ದುದರಿಂದ ಅದು ಒಂದೂರಿನಲ್ಲಿ ಒಂದೆರಡು ಕಡೆಗೆ ಮಾತ್ರ ಇರುತ್ತಿದ್ದಿತು. ಅದನ್ನು ಬಿಚ್ಚಿ ಓದುವವನು ಒಬ್ಬನು, ಕೇಳುವವರು ನೂರಾರು ಜನರು. ಓದುವದು ಪುರಾಣ ಹೇಳುವವನ ಕೆಲಸವೂ ಕೇಳುವದು ಉಳಿದವರ ಭಾಗ್ಯವೂ ಆಗಿ ನಿಂತಿತು.

ಯುರೋಪ ಖಂಡದಲ್ಲಿ ಪುಟದ ಅಳತೆಯನ್ನು ಗೊತ್ತುಮಾಡಿದುದು ಮರದ ಎಲೆಯಲ್ಲ, ಕೈಯಿಂದ ಮಾಡಿದ ಕಾಗದದ ಹಾಳೆಯು. ಕಾಗದವನ್ನು ಎತ್ತುವ ಅಚ್ಚಿನ ಚೌಕಟ್ಟು ಮನುಷ್ಯನ ಎರಡು ಕೈಗಳ ಅಳವಿಗೆ ಸಿಕ್ಕುವಷ್ಟೇ ದೊಡ್ಡದಾಗಿರಬೇಕು. ಆದುದರಿಂದ ಹಾಳೆಗೂ ಒಂದು ಮಿತಿಯಿದ್ದಿತು. ಇಟಲಿಯ ಬೊಲೋನ್ಯಾ ನಗರದಲ್ಲಿ ೧೪ನೆಯ ಶತಮಾನದ ಕೊನೆಯಲ್ಲಿ ಕಾಗದದ ನಾಲ್ಕು ಅಳತೆಗಳನ್ನು ಒಂದು ಶಿಲೆಯ ಮೇಲೆ ಕೊರೆಯಿಸಿದ್ದರು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಸುಮಾರು ೭೪ ಸೆಂಟಿಮೀಟರು ಉದ್ದ, ೫೦ ಸೆಂಟಿಮೀಟರು ಅಗಲ. ಎಲ್ಲಕ್ಕಿಂತ ಚಿಕ್ಕದು ೪೫ ಸೆಂಟಿಮೀಟರು ಉದ್ದ, ೩೧.೫ ಸೆಂಟಿಮೀಟರು ಅಗಲ. ಕಾಗದ ಮಾಡುವವರು ಹಾಳೆಯನ್ನು ಕಿರಿದುಮಾಡಿ ಕೊಳ್ಳುವವರನ್ನು ವಂಚಿಸಬಾರದೆಂದು ಅಳತೆಯನ್ನು ಕಲ್ಲಿನಲ್ಲಿ ನಿಲ್ಲಿಸಿದ ಈ ವ್ಯವಸ್ಥೆಯು ನಮ್ಮ ಸಂತೆಪೇಟೆಗಳಲ್ಲಿದ್ದ ಕೋಲು ಕೊಳಗಗಳ ನಿಯಮವನ್ನು ನೆನಪಿಗೆ ತರುವದು.

ಇಂಥ ಹಾಳೆಯನ್ನು ಒಮ್ಮೆ ಮಡಿಸಿದರೆ ಎರಡು ಎಲೆ, ನಾಲ್ಕು ಪುಟಗಳಾಗುವವು. ಇದಕ್ಕೆ ಫೋಲಿಯೋ ಎಂದು ಹೆಸರು. ಎರಡು ಸಲ ಮಡಿಸಿದರೆ ನಾಲ್ಕು ಎಲೆಯ ಕ್ವಾರ್ಟೋ. ಮೂರು ಸಲ ಮಡಿಸಿದರೆ ಎಂಟು ಎಲೆಯ, ಹದಿನಾರು ಪುಟಗಳ ಆಕ್ಟೇವೋ. ನಮ್ಮ ಪುಸ್ತಕಗಳ ಮೊದಲ ಪುಟಗಳಲ್ಲಿ ಕಾಣಬರುವ ‘ಕ್ರೌನ್ ೧/೮’, ‘ಡೆಮಿ ೧/೮’ ಎಂಬ ಬರಹಕ್ಕೆ ಇದೇ ಅರ್ಥವು: ಆ ಹೆಸರಿನ ಹಾಳೆಯ ಎಂಟನೆಯ ಒಂದು ಪಾಲು.

ಗುಟೆನಬರ್ಗನು ೧೪೫೫ರ ಸುಮಾರಿಗೆ ಮೈಂಟ್ಸ ನಗರದಲ್ಲಿ ಮುದ್ರಿಸಿದ ಬೈಬಲ್ಲು ಫೋಲಿಯೋ ಆಕಾರದ ಮಹಾಗ್ರಂಥವು. ಪೀಠದ ಮೇಲಿಟ್ಟು ನಿಂತು ಓದತಕ್ಕದ್ದು. ಕೈಯಲ್ಲಿ ಹಿಡಿಯುವ ಚಿಕ್ಕ ಪುಸ್ತಕಗಳು ಆ ಕಾಲದಲ್ಲಿ ಮುಖ್ಯವಾಗಿ ಪ್ರಾರ್ಥನೆಯ ಹೊತ್ತಿಗೆಗಳಾಗಿದ್ದವು ಎಂಬದು ಗಮನಿಸತಕ್ಕ ಸಂಗತಿಯು. ವಿದ್ವಾಂಸನ ಗ್ರಂಥವು ಮೇಜಿನ ಮೇಲೆ ಮಲಗಿರುವಾಗಲೇ ಭಕ್ತನ ಹೊತ್ತಿಗೆಯು ಭಕ್ತನೊಡನೆ ನಡೆದಾಡುತ್ತಿದ್ದಿತು.

ಈ ಭಕ್ತರ ಅಳತೆಯನ್ನು ಸಾಹಿತ್ಯಕ್ಕೆ ತಂದವನು ವೆನಿಸ್ ನಗರದ ಆಲ್ಡಸ್ ಮನೂಷಿಯಸನು. ಅರಿಸ್ಟಾಟಲನ ಗ್ರೀಕ್ ಗ್ರಂಥಗಳನ್ನು ಅವನು ೧೪೯೫ರಿಂದ ೧೪೯೮ರ ವರೆಗೆ ದೊಡ್ಡ ಫೋಲಿಯೋ ಸಂಪುಟಗಳಲ್ಲಿ ಹೊರಡಿಸಿದ್ದನು. ೧೫೦೧ರಲ್ಲಿ ಅವನೇ ವರ್ಜಿಲ್ ಕವಿಯ ಕಾವ್ಯಗಳನ್ನು ಆಕ್ಟೇವೋ ಆಕಾರದಲ್ಲಿ ಪ್ರಕಟಿಸಿದನು. ಬೊಲೋನ್ಯಾದ ಶಿಲೆಯ ಮೇಲಿನ ಚಿಕ್ಕ ಹಾಳೆಯನ್ನು ಮೂರು ಸಲ ಮಡಿಸಿದರೆ ಸುಮಾರು ೧೬ ಸೆಂಟಿಮೀಟರು ಎತ್ತರ, ೧೧ ಸೆಂಟಿಮೀಟರು ಅಗಲದ ಪುಟವು ದೊರೆಯುವದು. ಆಲ್ಡಸನ ಹೊತ್ತಿಗೆಗಳು ಹೆಚ್ಚುಕಡಿಮೆ ಇದೇ ಆಕಾರದವು. ಅವನು ಮಾಡಿದ ಕೆಲಸಗಳು ಮೂರು: ಮೂಲವನ್ನು ಸುತ್ತುವರಿದಿದ್ದ ಟೀಕೆ ವ್ಯಾಖ್ಯಾನಗಳನ್ನು ಬಿಟ್ಟನು; ಫ್ರಾಂಚೆಸ್ಕೊ ಗ್ರಿಫೋ ಎಂಬ ಕುಶಲನಿಂದ ಓರೆಯಾದ, ಇಟ್ಟಣಿಸಿ ನಿಲ್ಲುವ ಹೊಸ ಅಚ್ಚುಮೊಳೆಗಳನ್ನು ಕೊರೆಯಿಸಿದನು; ಆ ಬಳಿಕ ಪುಟವನ್ನು ಕಿರಿದುಮಾಡಿದನು. ಹಳೆಯ ಪುಟವನ್ನು ಹಾಗೆಯೇ ಕುಗ್ಗಿಸಲಿಲ್ಲ. ಚಿಕ್ಕ ಪುಟಕ್ಕೆ ತಕ್ಕಂತೆ ಒಳಗಿನದನ್ನೂ ಅಕ್ಷರವನ್ನೂ ಹೊಸದಾಗಿ ಆಲೋಚಿಸಿದನು. ಅಳತೆಯನ್ನು ಆರಿಸುವವರೆಲ್ಲರೂ ನೆನಪಿಡಬೇಕಾದ ಪಾಠವಿದು.

ಈ ಹೊತ್ತಿಗೆಗಳು ಎಷ್ಟು ಜನಪ್ರಿಯವಾದವೆಂದರೆ ಫ್ರಾನ್ಸ್ ದೇಶದ ಲಿಯೋನ್ ನಗರದ ಮುದ್ರಕರು ಅವುಗಳನ್ನೇ ಅನುಕರಿಸಿ ಕಳ್ಳಪ್ರತಿಗಳನ್ನು ಮುದ್ರಿಸತೊಡಗಿದರು. ೧೫೦೩ರಲ್ಲಿ ಆಲ್ಡಸನು ಆ ಪ್ರತಿಗಳಲ್ಲಿಯ ತಪ್ಪುಗಳನ್ನು ಪಟ್ಟಿಮಾಡಿ ಒಂದು ಎಚ್ಚರಿಕೆಯ ಪತ್ರಿಕೆಯನ್ನು ಹೊರಡಿಸಿದನು. ಲಿಯೋನಿನವರು ಆ ಪಟ್ಟಿಯನ್ನೇ ನೋಡಿ ತಮ್ಮ ತಪ್ಪುಗಳನ್ನು ತಿದ್ದಿಕೊಂಡರಂತೆ! ಆಲ್ಡಸನ ಹೊತ್ತಿಗೆಗಳು ಬೆಲೆಯಲ್ಲಿ ಅಷ್ಟೇನೂ ಅಗ್ಗವಾಗಿರಲಿಲ್ಲವೆಂಬದನ್ನೂ ಇಲ್ಲಿ ಹೇಳಬೇಕು. ಪುಟವು ಚಿಕ್ಕದಾದ ಮಾತ್ರಕ್ಕೆ ಪುಸ್ತಕವು ಬಡವನಿಗೆ ಎಟುಕುವದಿಲ್ಲ. ಆ ಗುರಿಯನ್ನು ಪ್ರಕಾಶಕನು ಬೇರೆಯಾಗಿ ಸಂಕಲ್ಪಿಸಬೇಕು. ಇಂಗ್ಲೆಂಡಿನಲ್ಲಿ ೧೯೩೫ರಲ್ಲಿ ಆ್ಯಲನ್ ಲೇನನು ಪೆಂಗ್ವಿನ್ ಮಾಲೆಯನ್ನು ಆರಂಭಿಸಿದಾಗ ೧೮೧ ಮಿಲಿಮೀಟರು ಎತ್ತರ, ೧೧೧ ಮಿಲಿಮೀಟರು ಅಗಲದ ಒಂದೇ ಅಳತೆಯನ್ನೂ ಆರು ಪೆನ್ನಿಗಳ ಒಂದೇ ಬೆಲೆಯನ್ನೂ ಕೂಡಿಯೇ ಗೊತ್ತುಮಾಡಿದನು. ಅಳತೆಯೂ ಬೆಲೆಯೂ ಜೋಡೆತ್ತುಗಳಂತೆ ಒಂದೇ ನೊಗಕ್ಕೆ ಬಂದಾಗ ಮಾತ್ರ ಬಂಡಿಯು ಊರೂರಿಗೆ ಸಾಗಿತು.

ಇನ್ನು ಕನ್ನಡನಾಡಿಗೆ ಬರೋಣ. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ೧೮೧೭ರಲ್ಲಿ ದೂರದ ಬಂಗಾಲದ ಶ್ರೀರಾಮಪುರದಲ್ಲಿ ಅಚ್ಚಾಯಿತು. ೧೮೪೧ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಛಾಪಖಾನೆಯನ್ನು ತೆರೆದರು. ಅಲ್ಲಿಂದ ೧೮೪೩ರ ಜುಲೈ ೧ರಂದು ಹರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ವು ನಾಲ್ಕು ಪುಟಗಳ ಪಾಕ್ಷಿಕವಾಗಿ ಹೊರಟಿತು; ಒಂದು ಹಾಳೆ, ಒಂದು ಮಡಿಕೆ. ಅದೇ ಮೋಗ್ಲಿಂಗರು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಬಸವಪುರಾಣವನ್ನೂ ಚೆನ್ನಬಸವಪುರಾಣವನ್ನೂ ಮುದ್ರಿಸಿದರು. ಕಲ್ಲಚ್ಚಿನಲ್ಲಿ ಲಿಪಿಕಾರನ ಕೈಬರಹವೇ ಶಿಲೆಯ ಮೂಲಕ ಕಾಗದಕ್ಕೆ ಇಳಿಯುವದು. ಓಲೆಯ ಮೇಲೆ ಅಡ್ಡಲಾಗಿ ಸಾಗುತ್ತಿದ್ದ ಪುರಾಣವು ಈಗ ಎತ್ತರವಾದ ಪುಟದಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯತೊಡಗಿತು. ಪದ್ಯದ ಪ್ರತಿಯೊಂದು ಸಾಲಿಗೂ ತನ್ನದೇ ಆದ ಸ್ಥಳವು ದೊರೆಯಿತು.

ಈ ಮಾತು ಸಾಮಾನ್ಯವಾದುದಲ್ಲ. ಭೀಮಕವಿಯ ಬಸವಪುರಾಣವು ಭಾಮಿನೀ ಷಟ್ಪದಿಯಲ್ಲಿರುವದು. ಅದರ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ೧೪ ಮಾತ್ರೆಗಳೂ ಮೂರು ಮತ್ತು ಆರನೆಯ ಸಾಲುಗಳಲ್ಲಿ ೨೩ ಮಾತ್ರೆಗಳೂ ಇರುವವು. ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣದ ವಾರ್ಧಕ ಷಟ್ಪದಿಯಲ್ಲಿ ಇವು ೨೦ ಹಾಗೂ ೩೨ ಆಗುವವು. ಅಂಗೈಯಗಲದ ಪುಟದಲ್ಲಿ ವಾರ್ಧಕವನ್ನು ಅಚ್ಚು ಹಾಕಿದರೆ ಮೂರನೆಯ ಸಾಲು ನಡುವೆ ಮುರಿದು ಕೆಳಗೆ ಬೀಳುವದು. ಆರು ಸಾಲಿನ ಪದ್ಯವು ಎಂಟು ಸಾಲಾಗಿ ಕಂಡು, ಹೊಸದಾಗಿ ಓದುವವನ ರಾಗವೇ ತಪ್ಪುವದು. ಹರಿಹರನ ರಗಳೆಗಳ ಸಾಲುಗಳು ಚಿಕ್ಕವು. ಅವು ಕಿರುಪುಟಕ್ಕೂ ಒಗ್ಗುವವು, ದೊಡ್ಡ ಪುಟದಲ್ಲಿ ಎರಡು ಸಾಲುಸಾಲಾಗಿಯೂ ನಿಲ್ಲುವವು. ಸರ್ವಜ್ಞನ ತ್ರಿಪದಿಗಂತೂ ಮೂರೇ ಸಾಲು. ವಚನವಾದರೋ ಗದ್ಯದಂತೆ ಹರಿಯುವದರಿಂದ ಯಾವ ಅಗಲಕ್ಕಾದರೂ ಹೊಂದಿಕೊಳ್ಳುವದು. ಆದರೆ ಅದು ಅಂಕಿತದಲ್ಲಿ ಮುಕ್ತಾಯವಾಗುವದು. ವಚನದ ದೇಹವು ಒಂದು ಪುಟದಲ್ಲಿಯೂ ಅಂಕಿತವೊಂದೇ ಪುಟ ತಿರುವಿದ ಮೇಲೆಯೂ ಬಂದರೆ ಓದುವವನ ಭಾವವು ತುಂಡಾಗುವದು. ಹೀಗೆ ಗ್ರಂಥದ ಸ್ವರೂಪವೇ ಪುಟದ ಅಳತೆಯನ್ನು ಕೇಳುವದು. ನಾವು ಅದನ್ನು ಕಿವಿಗೊಟ್ಟು ಆಲಿಸಬೇಕು.

ವಚನಗಳನ್ನು ಓಲೆಯ ಕಟ್ಟುಗಳಿಂದ ಬಿಡಿಸಿ ಮನೆಮನೆಗೆ ತಂದವರಲ್ಲಿ ಅಗ್ರಗಣ್ಯರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ವಿಜಾಪುರದಲ್ಲಿ ವಕೀಲಿಯನ್ನು ಮಾಡುತ್ತಿದ್ದ ಅವರು ಊರೂರು ಅಲೆದು ಹಸ್ತಪ್ರತಿಗಳನ್ನು ಕೂಡಿಹಾಕಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ೧೯೨೫ರಲ್ಲಿ ‘ಹಿತಚಿಂತಕ’ ಎಂಬ ಸ್ವಂತ ಮುದ್ರಣಾಲಯವನ್ನು ಸ್ಥಾಪಿಸಿದರು. ೧೯೨೬ರಲ್ಲಿ ‘ಶಿವಾನುಭವ’ ಎಂಬ ತ್ರೈಮಾಸಿಕವನ್ನು ಆರಂಭಿಸಿದರು. ದೊಡ್ಡ ಗ್ರಂಥವನ್ನು ಒಮ್ಮೆಲೇ ಕೊಳ್ಳಲಾರದವನಿಗೂ ಪತ್ರಿಕೆಯ ರೂಪದಲ್ಲಿ ಆ ಸಾಹಿತ್ಯವು ಕಂತುಕಂತಾಗಿ ಮುಟ್ಟಿತು. ಕೇಳುವ ಭಾಗ್ಯವಷ್ಟೇ ಇದ್ದ ಭಕ್ತನು ಓದುಗನಾದನು. ಓಲೆಯ ಒಂದು ಕಟ್ಟಿಗೂ ಸಾವಿರ ಹೊತ್ತಿಗೆಗಳಿಗೂ ಇರುವ ಅಂತರವು ಇಷ್ಟೇ ಅಲ್ಲವೆ?

ಈಗ ವ್ಯವಹಾರದ ಲೆಕ್ಕವನ್ನು ಸ್ವಲ್ಪ ನೋಡತಕ್ಕದ್ದು. ನಮ್ಮ ದೇಶದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಡಬಲ್ ಕ್ರೌನ್ ಹಾಳೆಯು ೩೦ ಅಂಗುಲ ಉದ್ದ, ೨೦ ಅಂಗುಲ ಅಗಲ. ಅದನ್ನು ಹದಿನಾರು ಪಾಲು ಮಾಡಿದರೆ ೭½ ಅಂಗುಲ ಎತ್ತರ, ೫ ಅಂಗುಲ ಅಗಲದ ಎಲೆಯಾಗುವದು, ಚೂರೂ ವ್ಯರ್ಥವಿಲ್ಲ. ಒಂದು ಹಾಳೆಯಲ್ಲಿ ೩೨ ಪುಟಗಳ ಹೊತ್ತಿಗೆಯೊಂದು ಮುಗಿಯುವದು. ಸಾವಿರ ಪ್ರತಿಗಳಿಗೆ ಸಾವಿರ ಹಾಳೆ, ಅಂದರೆ ೫೦೦ ಹಾಳೆಗಳ ಎರಡು ರೀಮು ಸಾಕು. ಇದೇ ಹಾಳೆಯಿಂದ ೮½ ಅಂಗುಲ ಎತ್ತರ, ೫½ ಅಂಗುಲ ಅಗಲದ ಪುಟವು ಬೇಕೆಂದು ಹಟ ಹಿಡಿದರೆ, ಎಲ್ಲ ಎಲೆಗಳನ್ನೂ ಒಂದೇ ದಿಕ್ಕಿಗೆ ಕತ್ತರಿಸಿದಲ್ಲಿ ಹೆಚ್ಚೆಂದರೆ ಹತ್ತು ಎಲೆಗಳು ಹೊರಡುವವು. ಐದರಲ್ಲೊಂದು ಪಾಲಿಗಿಂತಲೂ ಹೆಚ್ಚು ಕಾಗದವು ಕಸದ ಬುಟ್ಟಿಗೆ ಸೇರುವದು. ಅದೇ ಪುಟವನ್ನು ೨೨½ ಅಂಗುಲ ಉದ್ದ, ೧೭½ ಅಂಗುಲ ಅಗಲದ ಡೆಮಿ ಹಾಳೆಯಿಂದ ತೆಗೆದರೆ ಎಂಟು ಎಲೆಗಳು ಸರಿಯಾಗಿ ದೊರೆತು, ಅಂಚು ಕತ್ತರಿಸುವಷ್ಟೇ ಕಾಗದವು ಮಿಗುವದು. ಭಕ್ತರ ಕಾಣಿಕೆಯಿಂದ ಕೊಂಡ ಕಾಗದವನ್ನು ಅರಿಯದೆ ಹಾಳುಮಾಡುವದು ಪ್ರಸಾದವನ್ನು ಚೆಲ್ಲಿದಂತೆಯೇ ಸರಿ.

ಇದರಂತೆಯೇ ಪುಟಗಳ ಸಂಖ್ಯೆಯನ್ನೂ ಲಕ್ಷಿಸಬೇಕು. ನಡುವೆ ತಂತಿ ಹೊಲಿಯುವ ಹೊತ್ತಿಗೆಗೆ ಪುಟಗಳು ನಾಲ್ಕರ ಲೆಕ್ಕದಲ್ಲಿಯೇ ಬರಬೇಕು. ಹದಿನಾರರ ಲೆಕ್ಕಕ್ಕೆ ಬಂದರೆ ಮತ್ತೂ ಲೇಸು. ಬರಹವು ೩೪ ಪುಟವಾದರೆ ಆ ಎರಡು ಪುಟಗಳಿಗಾಗಿ ಹೊಸ ಹಾಳೆಯನ್ನು ಬಳಸಬೇಕಾಗುವದು. ಯಂತ್ರದಲ್ಲಿ ಮಾಡಿದ ಕಾಗದಕ್ಕೆ ನೂಲಿನ ಹರಿವಿನಂತೆ ಒಂದು ಎಳೆಯ ದಿಕ್ಕಿರುವದು. ಆ ಎಳೆಯು ಬೆನ್ನಿನ ಮಡಿಕೆಗೆ ಸಮಾನವಾಗಿದ್ದರೆ ಹೊತ್ತಿಗೆಯು ಮೆತ್ತಗೆ ತೆರೆದುಕೊಳ್ಳುವದು, ಅಡ್ಡವಾಗಿದ್ದರೆ ಬಿರುಸಾಗಿ ಬಾಯಿ ತೆರೆದು ನಿಲ್ಲುವದು. ಕನ್ನಡಕ್ಕೆ ಇನ್ನೊಂದು ವಿಶೇಷವುಂಟು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವವು. ಆದುದರಿಂದ ಸಾಲುಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ತೆರಪು ಬೇಕು. ಇಂಗ್ಲಿಷಿನ ಕಿರುಹೊತ್ತಿಗೆಯನ್ನು ನೋಡಿ ಅದೇ ಅಳತೆಯಲ್ಲಿ ಅಷ್ಟೇ ಸಾಲುಗಳನ್ನು ತುಂಬಿದರೆ ಒತ್ತುಗಳು ಕೆಳಗಿನ ಸಾಲಿನ ತಲೆಯನ್ನು ತುಳಿಯುವವು. ಕಣ್ಣು ಮಂಜಾದ ಹಿರಿಯರಿಗೆ ಅಂಥ ಹೊತ್ತಿಗೆಯು ಕೈಯಲ್ಲಿದ್ದರೂ ಇಲ್ಲದಂತೆಯೇ.

ಇತ್ತೀಚಿನ ಕಾಲದಲ್ಲಿ ಎ೪, ಎ೫ ಎಂಬ ಅಳತೆಗಳು ಹೆಚ್ಚು ಬಳಕೆಗೆ ಬಂದಿರುವವು. ಇವುಗಳ ಮೂಲವನ್ನು ಜರ್ಮನಿಯ ಲಿಖ್ಟೆನ್‌ಬರ್ಗನು ೧೭೮೬ರಲ್ಲಿ ಬರೆದ ಒಂದು ಪತ್ರದಲ್ಲಿ ಕಾಣಬಹುದು. ಹಾಳೆಯ ಉದ್ದವು ಅಗಲದ ೧.೪೧೪ ಪಟ್ಟು, ಅಂದರೆ ಎರಡರ ವರ್ಗಮೂಲದಷ್ಟು ಇದ್ದರೆ, ಅದನ್ನು ಎಷ್ಟು ಸಲ ನಡುವೆ ಮಡಿಸಿದರೂ ಆಕಾರವು ಅದೇ ಉಳಿಯುವದೆಂದು ಅವನು ತೋರಿಸಿದನು. ೧೯೨೨ರಲ್ಲಿ ವಾಲ್ಟರ್ ಪೋರ್ಸ್ಟ್‌ಮನ್ನನ ಯತ್ನದಿಂದ ಅದು ಜರ್ಮನಿಯ ಪ್ರಮಾಣವಾಯಿತು. ೧೯೭೫ರಲ್ಲಿ ಅಂತರರಾಷ್ಟ್ರೀಯ ಪ್ರಮಾಣವೂ ಆಯಿತು. ಎ೫ ಪುಟವು ೨೧೦ ಮಿಲಿಮೀಟರು ಎತ್ತರ, ೧೪೮ ಮಿಲಿಮೀಟರು ಅಗಲ. ಅದನ್ನು ಮಡಿಸಿದರೆ ೧೪೮ಕ್ಕೆ ೧೦೫ರ ಎ೬ ಆಗುವದು. ಡಬಲ್ ಕ್ರೌನ್ ಹಾಳೆಗೆ ಈ ಗುಣವಿಲ್ಲ. ಅದು ಮಡಿಸಿದಂತೆಲ್ಲ ಒಮ್ಮೆ ನೀಳವಾಗಿಯೂ ಒಮ್ಮೆ ಗಿಡ್ಡವಾಗಿಯೂ ಆಗುವದು: ೭½ಕ್ಕೆ ೫ರ ನೀಳಪುಟವನ್ನು ಮಡಿಸಿದರೆ ೫ಕ್ಕೆ ೩¾ರ ಗಿಡ್ಡಪುಟವು ಬರುವದು. ಆದರೆ ಇದನ್ನು ದೋಷವೆಂದು ತಿಳಿಯಬೇಕಾಗಿಲ್ಲ. ನೀಳಪುಟವು ಗದ್ಯಕ್ಕೆ ಚೆನ್ನು, ಗಿಡ್ಡಪುಟವು ಜೇಬಿನ ನಿತ್ಯಪಠನಕ್ಕೆ ಚೆನ್ನು. ಒಂದೇ ಆಕಾರದಲ್ಲಿ ಹಿರಿದು ಕಿರಿದು ಮಾಡಬೇಕಾದ ಕೆಲಸಕ್ಕೆ ಎ ಅಳತೆಯು ಅನುಕೂಲವಾದುದು.

ಈಗ ಗಣಕಯಂತ್ರದ ಮೇಲೆ ಪುಟವನ್ನು ಕ್ಷಣದಲ್ಲಿ ಹಿಗ್ಗಿಸಬಹುದು, ಕುಗ್ಗಿಸಬಹುದು. ಅಚ್ಚುಮೊಳೆಗಳನ್ನು ಜೋಡಿಸುವ ಶ್ರಮವು ಇಲ್ಲದಾಗಿರುವದು. ಆದರೆ ಓದುವವನ ಕೈ, ಓದುವವನ ಕಣ್ಣು, ಕಾಗದದ ಹಾಳೆ ಈ ಮೂರೂ ಬದಲಾಗಿಲ್ಲ. ಆದುದರಿಂದ ಹೊತ್ತಿಗೆಯನ್ನು ಹೊರಡಿಸುವವರು ಮೊದಲು ಒಳಗಿನ ಬರಹವನ್ನು ನೋಡಬೇಕು: ಅದು ವಚನವೋ, ಷಟ್ಪದಿಯೋ, ಚರಿತ್ರೆಯೋ? ಎರಡನೆಯದಾಗಿ ಕೈಯನ್ನು ನೋಡಬೇಕು: ಓದುವವನು ಮನೆಯಲ್ಲಿ ವ್ಯಾಸಪೀಠದ ಮುಂದೆ ಕುಳಿತಿರುವನೋ, ಪಾದಯಾತ್ರೆಯಲ್ಲಿ ನಡೆಯುತ್ತಿರುವನೋ, ಹೊಲದ ಬದುವಿನ ಮೇಲೆ ವಿಶ್ರಮಿಸುತ್ತಿರುವನೋ? ಕೊನೆಯಲ್ಲಿ ಹಾಳೆಯನ್ನು ನೋಡಬೇಕು: ಅದು ವ್ಯರ್ಥವಾಗದಂತೆ ಎಷ್ಟು ಪಾಲಾಗುವದು? ಈ ಕ್ರಮವನ್ನು ತಲೆಕೆಳಗು ಮಾಡಿ, ಇದ್ದ ಹಾಳೆಗೆ ಪುಟವನ್ನೂ ಪುಟಕ್ಕೆ ಬರಹವನ್ನೂ ಒಗ್ಗಿಸಹೊರಟಲ್ಲಿ ಗ್ರಂಥವು ಗೂಡಿನಲ್ಲಿ ಕುಳಿತು ವಿಭೂತಿಯನ್ನು ಮಾತ್ರ ಧರಿಸುವದು.

ಈ ಸಂಪುಟವಾದರೂ ದೊಡ್ಡ ಆಕಾರದ್ದೇ. ಅದು ನೆನಪಿಗಾಗಿ ಇಡತಕ್ಕದ್ದಾದುದರಿಂದ ಹಾಗಿರುವದು ಯುಕ್ತವೇ ಸರಿ. ಆದರೆ ಇದರ ಮಗ್ಗುಲಲ್ಲಿ ಎಣ್ಣೆಯ ಕಲೆಗಳಾಗುವಂಥ, ಮೂಲೆಗಳು ಮಡಚುವಂಥ, ಮನೆಯವರು ಮತ್ತೆ ಹೊಲಿದುಕೊಳ್ಳುವಂಥ ಕಿರುಹೊತ್ತಿಗೆಗಳೂ ಭಕ್ತರ ಕೈಗಳಲ್ಲಿ ಸವೆಯಲಿ. ಸವೆದ ಹೊತ್ತಿಗೆಯೇ ಸಾರ್ಥಕವಾದ ಹೊತ್ತಿಗೆಯೆಂದು ಸದ್ಭಕ್ತರಲ್ಲಿ ಬಿನ್ನವಿಸಿ ಈ ಲೇಖನವನ್ನು ಮುಗಿಸುತ್ತೇನೆ.